ಲಂಡನ್: ನಮ್ಮ ಸಿಂಫನಿ ಕೋರಸ್‌ನ ಈ ವರ್ಷದ ನಾಲ್ಕು ಕಛೇರಿಗಳು, ಯಾವುದಕ್ಕೆ ಬರುತ್ತೀರಿ?

ಒಂಟಿಕೊಪ್ಪಲಿನ ಆಲ್ಟೊ (ಭಾನುವಾರ, ರಾತ್ರಿ 10.40)

ಬೇಸಿಗೆ ರಜೆ ಮುಗಿಯಿತು. ಮಂಗಳವಾರದಿಂದ ತಾಲೀಮು ಶುರು. ಯುಗಾದಿ ಊಟದ ಪಂಕ್ತಿಯಲ್ಲಿ ಇಬ್ಬರು ನನ್ನನ್ನು ಬೈದಿದ್ದರು: ಹಾಡುವುದು ಎಲ್ಲಿ, ಯಾವತ್ತು ಎಂದು ಹೇಳುವುದೇ ಇಲ್ಲ, ಆಮೇಲೆ ಫೋಟೊ ಮಾತ್ರ ಹಾಕುತ್ತೀರಿ ಎಂದು. ಆ ತಪ್ಪು ಈ ಸಲ ಬೇಡ.

ಹೊಸಬರಿಗೆ ಎರಡು ಮಾತು. ಈ ಊರಿನ ದೊಡ್ಡ ಆರ್ಕೆಸ್ಟ್ರಾಗಳ ಜೊತೆ ಹಾಡುವ ಸಿಂಫನಿ ಕೋರಸ್‌ಗಳಲ್ಲಿ ಹೆಚ್ಚಿನವರು ಹವ್ಯಾಸಿಗಳು. ವಾದ್ಯದವರಿಗೆ ಸಂಬಳವಿದೆ, ನಮಗಿಲ್ಲ. ತಿರುಗಿ ನಾವೇ ವರ್ಷಕ್ಕಿಷ್ಟು ಚಂದಾ ಕಟ್ಟುತ್ತೇವೆ. ನಮ್ಮ ಗುಂಪಿನಲ್ಲಿ 140 ಜನ. ನನ್ನ ಎಡಗಡೆ ಕೂರುವವರು ನರ್ಸ್, ಬಲಗಡೆಯವರು ನಿವೃತ್ತ ಭೂಗೋಳ ಮೇಷ್ಟರು, ನಾನು ಹಗಲು ಲೆಕ್ಕಪತ್ರ ನೋಡುವವಳು. ಹೆಂಗಸರಲ್ಲಿ ಎತ್ತರದ ದನಿ ಸೊಪ್ರಾನೊ, ತಗ್ಗಿನದು ಆಲ್ಟೊ. ಗಂಡಸರಲ್ಲಿ ಟೆನರ್ ಮತ್ತು ಬೇಸ್. ನಾಲ್ಕು ಗುಂಪಿಗೂ ಬೇರೆ ಬೇರೆ ಸ್ವರಪಂಕ್ತಿ. ರಾಗ ಹೆಚ್ಚಾಗಿ ಸೊಪ್ರಾನೊಗಳ ಪಾಲಿಗೆ ಹೋಗುತ್ತದೆ. ಆಲ್ಟೊಗಳಾದ ನಮಗೆ ಸಿಗುವುದು ಪಕ್ಕದ ಮನೆಯ ಎರಡು ಸ್ವರಗಳ ನಡುವೆ ಓಡಾಟ.

ಅಕ್ಟೋಬರ್‌ನಲ್ಲಿ ಎಲ್ಗರ್‌ನ 'ಡ್ರೀಮ್ ಆಫ್ ಜೆರಾಂಟಿಯಸ್'. ಸಾಯುತ್ತಿರುವ ಮುದುಕನೊಬ್ಬನ ಆತ್ಮದ ಪ್ರಯಾಣ. ಹಾಡುವವರಾದ ನಮಗೆ ಇದರ ಹಿಂದಿನ ಕಥೆ ಎಚ್ಚರಿಕೆಯ ಗಂಟೆ. 1900ರ ಅಕ್ಟೋಬರ್ 3ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಪ್ರಯೋಗ ನೆಲಕಚ್ಚಿತು. ಕೋರಸ್ ಸಿದ್ಧಪಡಿಸಬೇಕಿದ್ದವರು ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು. ಅವರ ಜಾಗಕ್ಕೆ ಬಂದ ಹಿರಿಯರಿಗೆ ಈ ಸಂಗೀತ ಒಗ್ಗಲಿಲ್ಲ. ನಿರ್ವಾಹಕ (ಕೋಲು ಹಿಡಿದು ಎಲ್ಲರನ್ನೂ ನಡೆಸುವ ಕಂಡಕ್ಟರ್) ಹಾನ್ಸ್ ರಿಕ್ಟರ್ ಕೈಗೆ ಪೂರ್ತಿ ಸ್ವರಲಿಪಿ ಸಿಕ್ಕಿದ್ದೇ ತಡವಾಗಿ. ಮರುವರ್ಷ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಗೆದ್ದ ಮೇಲೆಯೇ ಇಂಗ್ಲಿಷರು ಇದರತ್ತ ಮತ್ತೆ ತಿರುಗಿ ನೋಡಿದ್ದು.

ಡಿಸೆಂಬರ್‌ನಲ್ಲಿ ಹ್ಯಾಂಡೆಲ್‌ನ 'ಮೆಸಾಯ', ಯೇಸುವನ್ನು ಕುರಿತ ದೊಡ್ಡ ಗಾಯನಕೃತಿ. ಇದು ಇಲ್ಲಿಯವರಿಗೆ ನಮ್ಮ ರಾಮೋತ್ಸವದ ಹಾಗೆ, ವರ್ಷ ತಪ್ಪುವುದಿಲ್ಲ.

ಮಾರ್ಚ್‌ನಲ್ಲಿ ಬ್ರಾಮ್ಸ್‌ನ 'ಜರ್ಮನ್ ರೆಕ್ವಿಯಂ'. ಏಳು ಭಾಗ, ಸುಮಾರು 70 ನಿಮಿಷ, ಏಳರಲ್ಲೂ ಕೋರಸ್ ಇದೆ. ನನ್ನ ಮೆಚ್ಚಿನದು.

ಜೂನ್‌ನಲ್ಲಿ ಬೆಥೋವನ್‌ನ ಒಂಬತ್ತನೆಯ ಸಿಂಫನಿ. ಇದಕ್ಕೆ ಪರಿಚಯ ಬೇಡ. ನಾಲ್ಕು ಭಾಗ, ಕೋರಸ್ ಹಾಡುವುದು ಕೊನೆಯದರಲ್ಲಿ.

ಮೊದಲ ಸಲ ಬರುವವರಿಗೆ ನನ್ನ ಸಲಹೆ ಬೆಥೋವನ್. ಒಪ್ಪದಿದ್ದರೆ ಜಗಳಕ್ಕೆ ಬನ್ನಿ.

ತಡರಾತ್ರಿ ಶ್ರೋತೃ (ಭಾನುವಾರ, ರಾತ್ರಿ 11.15)

ಜಗಳಕ್ಕೆ ಬಂದೆ. ಕೋರಸ್ ಕೇಳಲೆಂದು ಬಂದವರಿಗೆ ಒಂಬತ್ತನೆಯದನ್ನು ತೋರಿಸುವುದೆಂದರೆ ಮದುವೆಗೆ ಕರೆದು ಮುಕ್ಕಾಲು ಗಂಟೆ ಛತ್ರದ ಹೊರಗೆ ನಿಲ್ಲಿಸಿದ ಹಾಗೆ. ಮೂರು ಭಾಗ ಮುಗಿಯುವ ತನಕ ನೀವು 140 ಜನ ಕೈಕಟ್ಟಿ ಕೂತಿರುತ್ತೀರಿ. ಕಳೆದ ಸಲ ನನ್ನ ಪಕ್ಕದ ಹುಡುಗ "ಇವರು ಯಾವಾಗ ಹಾಡುತ್ತಾರೆ" ಎಂದು ನಾಲ್ಕು ಬಾರಿ ಕೇಳಿದ.

ಒಂಟಿಕೊಪ್ಪಲಿನ ಆಲ್ಟೊ (ಭಾನುವಾರ, ರಾತ್ರಿ 11.32)

ನಾವೂ ಒಳಗೊಳಗೇ ಅದನ್ನೇ ಕೇಳಿಕೊಳ್ಳುತ್ತಿರುತ್ತೇವೆ. ಗಂಟಲು ತಣ್ಣಗಾಗಿರುತ್ತದೆ, ನೀರಿನ ಬಾಟಲಿ ಎತ್ತುವಂತಿಲ್ಲ, ಮೂರನೆಯ ಭಾಗ ಜೋಗುಳದಂತೆ ಇರುತ್ತದೆ. ಎದ್ದು ನಿಂತ ಮೇಲೋ, ಬೆಥೋವನ್ ಸೊಪ್ರಾನೊಗಳನ್ನು ಮೇಲಿನ ಎ ಸ್ವರಕ್ಕೆ ಹತ್ತಿಸಿ ಏಣಿ ತೆಗೆದುಬಿಡುತ್ತಾನೆ. ಆ ಹೊತ್ತಿಗೆ ಆಲ್ಟೊ ಆಗಿ ಹುಟ್ಟಿದ್ದಕ್ಕೆ ನಾನು ಚಾಮುಂಡಿಗೆ ಕೈಮುಗಿಯುತ್ತೇನೆ.

ಆದರೂ ಕೊನೆಯ ಭಾಗದ ಆನಂದಗೀತೆಯ ರಾಗ ಹೊಸಬರ ಕಿವಿಗೆ ತಟ್ಟನೆ ಹತ್ತುತ್ತದೆ. ಶಂಕರಾಭರಣದಲ್ಲಿ ಹೇಳಿಕೊಳ್ಳಿ: ಗ ಗ ಮ ಪ, ಪ ಮ ಗ ರಿ, ಸ ಸ ರಿ ಗ, ಗ ರಿ ರಿ. ಸರಳೆ ವರಸೆ ಮುಗಿಸಿದ ಮಗುವೂ ಹಾಡುತ್ತದೆ. ಇನ್ನೊಂದು, ಅದು ಲಂಡನ್ನಿನ ಸ್ವಂತ ಕೂಸು. ಇಲ್ಲಿಯ ಫಿಲ್‌ಹಾರ್ಮೋನಿಕ್ ಸೊಸೈಟಿ 50 ಪೌಂಡ್ ಒಪ್ಪಿಕೊಂಡು ಬರೆಯಲು ಹೇಳಿತ್ತು. ಮೊದಲ ಕಛೇರಿ 1824ರ ಮೇ 7ರಂದು ವಿಯೆನ್ನಾದಲ್ಲಿ ಆಗಿಹೋಯಿತು. ಹಣ ಕೊಟ್ಟ ಲಂಡನ್ನಿಗೆ ಮರುವರ್ಷದ ಸರದಿ, ಅದೂ ಜರ್ಮನ್ ಮಾತನ್ನು ಇಟಾಲಿಯನ್‌ಗೆ ತಿರುಗಿಸಿಕೊಂಡು.

ಹಾಸನದ ಮಗಳು (ಸೋಮವಾರ, ಬೆಳಿಗ್ಗೆ 7.50)

ಅಕ್ಕಾ, ಒಂದು ನಿಜವಾದ ಸಮಸ್ಯೆ ಇದೆ. ನನ್ನ ಅಮ್ಮ ನವೆಂಬರ್‌ನಲ್ಲಿ ಬಂದು ಏಪ್ರಿಲ್‌ನಲ್ಲಿ ಹೋಗುತ್ತಾರೆ. ಜೂನ್‌ಗೆ ಇರುವುದಿಲ್ಲ. ಹಾಗಾಗಿ ಬೆಥೋವನ್ ಇಲ್ಲ, ಎಲ್ಗರ್ ಇಲ್ಲ. ಉಳಿದದ್ದು ಡಿಸೆಂಬರ್ ಮತ್ತು ಮಾರ್ಚ್. ಅಮ್ಮ ಹಾಡುವವರಲ್ಲ, ಆದರೆ ಐವತ್ತು ವರ್ಷದಿಂದ ಕಛೇರಿ ಕೇಳಿದವರು. ಶ್ರುತಿ ಕೂದಲೆಳೆ ಸರಿದರೂ ಮುಖ ಸಿಂಡರಿಸುತ್ತಾರೆ. ಮೊಣಕಾಲು ನೋವು, ಎರಡೂವರೆ ಗಂಟೆ ಕೂರಲಾರರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಯಾವುದಕ್ಕೆ ಕರೆತರಲಿ?

ತಂಬೂರಿ (ಸೋಮವಾರ, ಬೆಳಿಗ್ಗೆ 9.05)

ಯಾವುದಕ್ಕೂ ಬೇಡ. ಐವತ್ತು ವರ್ಷ ಕಛೇರಿ ಕೇಳಿದವರನ್ನು ಅಲ್ಲಿ ಕೂರಿಸುವುದು ಶಿಕ್ಷೆ.

ಒರಟಾಗಿ ಹೇಳಿದೆನೆಂದು ಬೇಸರಿಸಬೇಡಿ. ಒಂಟಿಕೊಪ್ಪಲಿನವರೇ, ನೀವು ಎಳವೆಯಿಂದ ಸಂಗೀತ ಕಲಿತವರು, ನಿಮ್ಮ ಕಾಂಭೋಜಿಯನ್ನು ಇದೇ ಊರಿನ ದಸರಾ ಕಾರ್ಯಕ್ರಮದಲ್ಲಿ ಕೇಳಿದ್ದೇನೆ. ಅಂಥ ಕಂಠ 140 ಜನರ ನಡುವೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಲ್ಲವೇ? ಮನೋಧರ್ಮವಿಲ್ಲ, ಗಮಕವಿಲ್ಲ, ಯಾರೋ ಇನ್ನೂರು ವರ್ಷದ ಹಿಂದೆ ಬರೆದಿಟ್ಟಿದ್ದನ್ನು ಕೋಲು ಹಿಡಿದವರು ತೋರಿಸಿದಾಗ ತೆಗೆಯಬೇಕು. ಕಲಿತ ವಿದ್ಯೆಗೆ ಇದು ಏನು ಸಲ್ಲಿಸಿದಂತಾಯಿತು?

ಬಲ್ಮಠದ ಟೆನರ್ (ಸೋಮವಾರ, ಮಧ್ಯಾಹ್ನ 12.20)

ತಂಬೂರಿಯವರೇ, "ನಮ್ಮದು", "ಅವರದು" ಎಂಬ ಗೆರೆಯನ್ನು ಸ್ವಲ್ಪ ನಿಧಾನವಾಗಿ ಎಳೆಯಿರಿ. ನಾನು ಮಂಗಳೂರಿನವನು. ನಮ್ಮ ಅಜ್ಜಿಯ ಕಾಲದಿಂದ ನಾಲ್ಕು ದನಿಯ ಹಾಡು ನಮ್ಮ ಮನೆಯ ಕನ್ನಡದಲ್ಲೇ ಇದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮುದ್ರಣ, ಹೆಂಚು, ನೇಯ್ಗೆ ಎಲ್ಲರಿಗೂ ಗೊತ್ತು. ಜರ್ಮನ್ ಕೀರ್ತನೆಗಳ ರಾಗಕ್ಕೆ ಕನ್ನಡ ಮಾತು ಕೂರಿಸಿದ್ದು ಅಷ್ಟಾಗಿ ಗೊತ್ತಿಲ್ಲ. ಕಿಟೆಲ್ ಎಂದರೆ ನಿಘಂಟು ಎನ್ನುತ್ತೇವೆ. ಅದೇ ಮನುಷ್ಯ 1862ರಲ್ಲಿ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಕಟ್ಟಿದರು. ಒಂದು ಕಡೆ ಅವರ ರಾಗಕ್ಕೆ ನಮ್ಮ ಮಾತು, ಇನ್ನೊಂದು ಕಡೆ ಅವರ ಕಥೆಗೆ ನಮ್ಮ ಮಟ್ಟು.

ಇಂಗ್ಲೆಂಡಿಗೆ ಬಂದು ಮೊದಲ ಸಲ ಬಾಖ್‌ನ ಕೋರಲ್ (ನಾಲ್ಕು ದನಿಯ ಚರ್ಚ್ ಕೀರ್ತನೆ) ಒಂದಕ್ಕೆ ನಿಂತಾಗ ಪುಸ್ತಕ ನೋಡದೆಯೇ ಟೆನರ್ ಪಂಕ್ತಿ ಬಾಯಿಗೆ ಬಂತು. ಪಕ್ಕದವರು ಆಶ್ಚರ್ಯಪಟ್ಟರು. ನನ್ನ ತಲೆಯಲ್ಲಿ ಓಡುತ್ತಿದ್ದ ಮಾತು ಮಾತ್ರ ಕನ್ನಡ.

ತೆಂಗಿನಕಾಯಿ ಮಂಡಿ (ಸೋಮವಾರ, ಮಧ್ಯಾಹ್ನ 1.10)

ಟಿಕೆಟ್ ಎಷ್ಟಾಗುತ್ತದೆ ಎಂದು ಯಾರೂ ಹೇಳಲಿಲ್ಲ.

ಒಂಟಿಕೊಪ್ಪಲಿನ ಆಲ್ಟೊ (ಸೋಮವಾರ, ರಾತ್ರಿ 9.00)

ಒಬ್ಬೊಬ್ಬರಿಗೇ ಉತ್ತರಿಸುತ್ತೇನೆ. ಮಂಡಿಯವರೇ, ದರ ಇನ್ನೂ ಪ್ರಕಟವಾಗಿಲ್ಲ, ಬಂದ ಕೂಡಲೇ ಹಾಕುತ್ತೇನೆ. ಮೇಲಿನ ಸಾಲಿನ ಅಗ್ಗದ ಜಾಗಕ್ಕೆ ನಾಚಿಕೆಪಡಬೇಡಿ. ಕೋರಸ್ ಆರ್ಕೆಸ್ಟ್ರಾದ ಹಿಂದೆ, ಎತ್ತರದಲ್ಲಿ ಇರುತ್ತದೆ. ಮುಂದಿನ ಸಾಲಿನ ದುಬಾರಿ ಕುರ್ಚಿಯಲ್ಲಿ ನಿಮಗೆ ಕಾಣುವುದು ಪಿಟೀಲಿನವರ ಬೂಟು.

ತಂಬೂರಿಯವರೇ, ನಿಮ್ಮ ಪ್ರಶ್ನೆಯನ್ನು ನಾನೇ ಮೊದಲ ವರ್ಷವೆಲ್ಲ ಕೇಳಿಕೊಂಡಿದ್ದೇನೆ. ಪ್ರವೇಶ ಪರೀಕ್ಷೆಯಲ್ಲಿ ಸ್ವರ ಹಿಡಿದು ನಿಲ್ಲಿ ಎಂದರು. ಹಿಡಿದೆ. "ಅಲುಗಾಡಿಸದೆ" ಎಂದರು. ನಾನು ಅಲುಗಾಡಿಸುತ್ತಿದ್ದೇನೆ ಎಂದೇ ನನಗೆ ತಿಳಿದಿರಲಿಲ್ಲ. ಗಾಂಧಾರವನ್ನು ಗೆರೆ ಎಳೆದಂತೆ ನಿಲ್ಲಿಸಲು ಮೂರು ತಿಂಗಳು ಹಿಡಿಯಿತು. ಮೊದಮೊದಲು ಬರಿಗಾಲಲ್ಲಿ ಗಾಜಿನ ಮೇಲೆ ನಿಂತ ಹಾಗಿತ್ತು. ನನ್ನದು ಐದೂವರೆ ಶ್ರುತಿ. ಇಲ್ಲಿ ನನ್ನ ಶ್ರುತಿಯನ್ನು ಯಾರೂ ಕೇಳುವುದಿಲ್ಲ, ಓಬೋ ಎಂಬ ಊದುವ ವಾದ್ಯ ಕೊಟ್ಟ ಎ ಸ್ವರವೇ ಕಾನೂನು.

ಆಮೇಲೆ ಉಸಿರು. ಉದ್ದನೆಯ ಸ್ವರವನ್ನು ಯಾರೂ ಒಬ್ಬರೇ ಪೂರ್ತಿ ಹಿಡಿಯುವುದಿಲ್ಲ. ಪಕ್ಕದವರು ಉಸಿರು ತೆಗೆದುಕೊಳ್ಳದ ಹೊತ್ತಿನಲ್ಲಿ ನಾನು ಕದ್ದು ತೆಗೆದುಕೊಳ್ಳಬೇಕು, ಮತ್ತೆ ಸದ್ದಿಲ್ಲದೆ ಒಳಗೆ ಸೇರಬೇಕು. ಹೊರಗಿನವರಿಗೆ ಸ್ವರ ಕಡಿಯುವುದೇ ಇಲ್ಲ. ಸಾಲಿನ ಕೊನೆಯ 'ಟ್' ಎಂಬ ಅಕ್ಷರವನ್ನು 140 ಬಾಯಿ ಒಂದೇ ಕ್ಷಣ ಮುಚ್ಚದಿದ್ದರೆ ಸಾಸಿವೆ ಸಿಡಿದಂತೆ ಕೇಳುತ್ತದೆ. ಇನ್ನೊಂದು ವಿಚಿತ್ರ: ನಾವು ಹಿಂದೆ ಇರುವುದರಿಂದ ಮುಂದಿನ ವಾದ್ಯಗಳ ನಾದ ಕಿವಿಗೆ ಬಂದ ಮೇಲೆ ಹಾಡಿದರೆ ತಡವಾಗಿಬಿಡುತ್ತದೆ. "ಕೇಳಬೇಡಿ, ನೋಡಿ" ಎಂದು ನಮ್ಮ ಕೋರಸ್ ಗುರುಗಳು ಬೈಯುತ್ತಾರೆ. ಕೇಳುವುದನ್ನೇ ವಿದ್ಯೆ ಎಂದು ಕಲಿತವಳಿಗೆ ಈ ಮಾತು ಎಷ್ಟು ಕಷ್ಟ, ನೀವೇ ಊಹಿಸಿ.

ಹುಣಸೆಹಣ್ಣು ಹೊಳೆಗೆ ಬೀಳುವುದಿಲ್ಲ ಸ್ವಾಮಿ, ಹಂಡೆಯ ಸಾರಿಗೆ ಬೀಳುತ್ತದೆ. ಕಳೆದ ಚಳಿಗಾಲದಲ್ಲಿ ಆಲ್ಟೊ ಸಾಲಿನ ಆರು ಜನಕ್ಕೆ ನೆಗಡಿ ಬಂದು ಗೈರಾದಾಗ ನಿರ್ವಾಹಕರು ನಾಲ್ಕನೆಯ ಬಾರ್‌ನಲ್ಲೇ (ಬಾರ್ ಎಂದರೆ ನಮ್ಮ ತಾಳದ ಆವರ್ತದ ಹಾಗೆ) ನಿಲ್ಲಿಸಿ, "ಏನೋ ಕಡಿಮೆಯಾಗಿದೆ" ಎಂದರು. ನನ್ನ ಕಾಂಭೋಜಿ ಎಲ್ಲೂ ಹೋಗಿಲ್ಲ, ಶನಿವಾರ ಬೆಳಿಗ್ಗೆ ಮನೆಯಲ್ಲಿ ಹಾಡಿಕೊಳ್ಳುತ್ತೇನೆ.

ಹಾಸನದ ಮಗಳೇ, ನಿನ್ನ ಪ್ರಶ್ನೆ ಯೋಚಿಸಬೇಕಾದದ್ದು. ನಾಳೆ ತಾಲೀಮು ಮುಗಿಸಿ ಬರೆಯುತ್ತೇನೆ.

ತಂಬೂರಿ (ಸೋಮವಾರ, ರಾತ್ರಿ 9.45)

ಸಾರಿನ ಮಾತು ಚೆನ್ನಾಗಿದೆ. ಒಪ್ಪಿದೆ ಎಂದಲ್ಲ. ಮನೋಧರ್ಮದ ಪ್ರಶ್ನೆಗೆ ಉತ್ತರ ಬರಲಿಲ್ಲ.

ಅರಮನೆ ಬ್ಯಾಂಡು (ಸೋಮವಾರ, ರಾತ್ರಿ 10.30)

ಇಷ್ಟು ಮಾತು ಬಂದ ಮೇಲೂ ಜಯಚಾಮರಾಜೇಂದ್ರ ಒಡೆಯರ ಹೆಸರು ಬರಲಿಲ್ಲವಲ್ಲ, ಮೈಸೂರಿನವರಿರುವ ಚರ್ಚೆಯಲ್ಲಿ! ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದಾಗ ಕೈಯಲ್ಲಿ ದುಡ್ಡಿರಲಿಲ್ಲ. ಕೆಲವು ವರ್ಷದ ಮೇಲೆ ನೆರವು ಹೋದದ್ದು ಮೈಸೂರಿನಿಂದ. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಮಹಾರಾಜರು. ಲಂಡನ್ನಿನಲ್ಲಿ ಮರೆಯಾಗಿ ಬದುಕುತ್ತಿದ್ದ ರಷ್ಯಾದ ಮೆಟ್ನರ್ ಎಂಬ ಸಂಗೀತಗಾರರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರೂ ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್‌ಚೆರ್ಟೊವನ್ನು ಒಡೆಯರಿಗೆ ಅರ್ಪಿಸಿದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ನಾರ್ವೆಯ ಗಾಯಕಿ ಫ್ಲಾಗ್‌ಸ್ಟಾಡ್ ಮೊದಲ ಸಲ ಹಾಡಿದಾಗ ನಿರ್ವಹಿಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ, ಖರ್ಚಿನ ಹಿಂದೆ ನಿಂತದ್ದು ಮೈಸೂರು.

ಅದೇ ಆರ್ಕೆಸ್ಟ್ರಾಕ್ಕೆ 1957ರಲ್ಲಿ ಲೆಗ್ ಒಂದು ಕೋರಸ್ ಕಟ್ಟಿದರು. ತರಬೇತಿಗೆ ಜರ್ಮನಿಯ ಬೈರೊಯ್ಟ್‌ನಿಂದ ವಿಲ್‌ಹೆಲ್ಮ್ ಪಿಟ್ಸ್ ಬಂದರು. ಮೊದಲ ಕಛೇರಿ ಆ ವರ್ಷದ ನವೆಂಬರ್‌ನಲ್ಲಿ, ಕ್ಲೆಂಪರರ್ ನಿರ್ವಹಣೆಯಲ್ಲಿ ಒಂಬತ್ತನೆಯ ಸಿಂಫನಿಯೇ. ಇದೇ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ತಂಬೂರಿಯವರೇ, ಒಂದೇ ತಲೆಯಲ್ಲಿ ಎರಡಕ್ಕೂ ಜಾಗವಿತ್ತು.

ತಂಬೂರಿ (ಸೋಮವಾರ, ರಾತ್ರಿ 10.41)

ಮಹಾರಾಜರ ತಲೆ ದೊಡ್ಡದು. ನನ್ನದು ಎರಡು ಕೋಣೆಯ ಬಾಡಿಗೆ ಮನೆ.

ತಡರಾತ್ರಿ ಶ್ರೋತೃ (ಸೋಮವಾರ, ರಾತ್ರಿ 11.50)

ಹಾಸನದವರಿಗೆ: 'ಮೆಸಾಯ' ಎರಡೂವರೆ ಗಂಟೆ, ಮೊಣಕಾಲಿಗೆ ಆಗದು. ಅದಲ್ಲದೆ 'ಹಲ್ಲೆಲೂಯಾ' ಬಂದಾಗ ಎಲ್ಲರೂ ಎದ್ದು ನಿಲ್ಲುವ ರೂಢಿ ಬೇರೆ. ಎರಡನೆಯ ಜಾರ್ಜ್ ದೊರೆ ಎದ್ದು ನಿಂತನಂತೆ, ಅದಕ್ಕೆ ನಾವೂ ಎನ್ನುತ್ತಾರೆ. ಆ ಕಾಲದ ಸಾಕ್ಷಿ ಒಂದೂ ಇಲ್ಲ, ಆದರೂ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ, ಹಿಂದಿನವರು ದುರುಗುಟ್ಟಿ ನೋಡುತ್ತಾರೆಂಬ ಭಯಕ್ಕೆ.

ನನಗೆ ಆ ಕೃತಿಯಲ್ಲಿ ಇಷ್ಟವಾದ ಸಂಗತಿ ಡಬ್ಲಿನ್ನಿನದು. 1742ರ ಏಪ್ರಿಲ್ 13, ಮೊದಲ ಕಛೇರಿ. ಆರುನೂರು ಜನ ಹಿಡಿಯುವ ಜಾಗದಲ್ಲಿ ಏಳುನೂರು ಜನ ಕೂರಲಿ ಎಂದು ಹೆಂಗಸರು ಲಂಗ ಅಗಲವಾಗಿ ನಿಲ್ಲಲು ಒಳಗೆ ಹಾಕುವ ದೊಡ್ಡ ಬಳೆ ಹಾಕಿಕೊಂಡು ಬರಬೇಡಿ, ಗಂಡಸರು ಕತ್ತಿ ಬಿಟ್ಟು ಬನ್ನಿ ಎಂದು ಕೋರಿದ್ದರು. ಬಂದ ಹಣದ ಒಂದು ಪಾಲಿನಿಂದ ಸಾಲ ತೀರಿಸಲಾಗದೆ ಸೆರೆಯಲ್ಲಿದ್ದ 142 ಜನ ಹೊರಬಂದರು. ಇದನ್ನು ಪೂರ್ತಿ ಬರೆಯಲು ಹ್ಯಾಂಡೆಲ್ ತೆಗೆದುಕೊಂಡದ್ದು 24 ದಿನ. ನನ್ನ ಸ್ನಾನದ ಮನೆಯ ನಲ್ಲಿ ರಿಪೇರಿಗೆ ಅದಕ್ಕಿಂತ ಹೆಚ್ಚು ದಿನ ಹಿಡಿದಿದೆ.

ಒಂಟಿಕೊಪ್ಪಲಿನ ಆಲ್ಟೊ (ಮಂಗಳವಾರ, ರಾತ್ರಿ 11.20)

ತಾಲೀಮಿನಿಂದ ಈಗ ಬಂದೆ. ಊಟಕ್ಕೆ ತಣ್ಣನೆಯ ಚಿತ್ರಾನ್ನ. ಹಾಸನದ ಮಗಳೇ, ತೀರ್ಮಾನವಾಯಿತು: ಅಮ್ಮನನ್ನು ಮಾರ್ಚ್‌ಗೆ ಕರೆತಾ. ಬ್ರಾಮ್ಸ್. ಬೆಥೋವನ್ ಎಂದು ಮೊದಲು ಹೇಳಿದ ಮಾತನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ.

ರೆಕ್ವಿಯಂ ಎಂದರೆ ಸತ್ತವರಿಗಾಗಿ ಲ್ಯಾಟಿನ್ನಿನಲ್ಲಿ ನಡೆಯುವ ಪೂಜೆ. ಬ್ರಾಮ್ಸ್ ಆ ಲ್ಯಾಟಿನ್ ಪಾಠವನ್ನೇ ಮುಟ್ಟಲಿಲ್ಲ. ಲೂಥರ್‌ನ ಜರ್ಮನ್ ಬೈಬಲಿನಿಂದ ತನಗೆ ಬೇಕಾದ ಸಾಲುಗಳನ್ನು ತಾನೇ ಆರಿಸಿಕೊಂಡ. ಸತ್ತವರ ಪಾಪ, ನ್ಯಾಯತೀರ್ಪಿನ ಬೆಂಕಿ ಎಂದು ಹೆದರಿಸುವುದಿಲ್ಲ. ದುಃಖಪಡುವವರು ಧನ್ಯರು, ಅವರಿಗೆ ಸಮಾಧಾನ ಸಿಗುತ್ತದೆ ಎಂದು ಶುರುಮಾಡುತ್ತಾನೆ. ಅವನ ತಾಯಿ ತೀರಿಕೊಂಡದ್ದು 1865ರಲ್ಲಿ. 1868ರ ಗುಡ್ ಫ್ರೈಡೇ ದಿನ ಬ್ರೆಮೆನ್ ಕಥೀಡ್ರಲ್‌ನಲ್ಲಿ ಹಾಡಿಸಿದ ಮೇಲೆ ಇನ್ನೊಂದು ಭಾಗ ಸೇರಿಸಿದ. ತಾಯಿ ಮಗುವನ್ನು ಸಂತೈಸುವ ಹಾಗೆ ನಾನು ನಿಮ್ಮನ್ನು ಸಂತೈಸುತ್ತೇನೆ ಎಂಬ ಸಾಲು ನಮ್ಮ ಪಾಲಿಗೆ, ಮೇಲೆ ಒಂಟಿ ಸೊಪ್ರಾನೊ. ಮೊದಲ ಭಾಗದಲ್ಲಿ ಪಿಟೀಲುಗಳು ಬಾಯಿಯನ್ನೇ ಬಿಡುವುದಿಲ್ಲ. ತಗ್ಗಿನ ತಂತಿಗಳು ಮಾತ್ರ. ಇನ್ನೂ ದೀಪ ಹಚ್ಚದ ಸಂಜೆಯ ನಡುಮನೆಯಂತೆ ಇರುತ್ತದೆ.

ಆದರೆ ನಿನ್ನ ಅಮ್ಮನಿಗಾಗಿ ಹೇಳುತ್ತಿರುವುದು ಮೂರನೆಯ ಭಾಗದ ಕೊನೆ. ಅಲ್ಲಿ ಒಂದು ಫ್ಯೂಗ್ ಇದೆ. ಒಂದು ಗುಂಪು ಎತ್ತಿದ ಸಾಲನ್ನು ಇನ್ನೊಂದು ಗುಂಪು, ಮತ್ತೊಂದು ಗುಂಪು ಬೆನ್ನಟ್ಟಿ ಎತ್ತುವುದು. ನಾಲ್ಕು ದನಿ ಹೀಗೆ ಓಡುತ್ತಿರುವಾಗ ಕೆಳಗೆ ಬೇಸ್ ತಂತಿಗಳು, ಕೊಂಬು, ಟಿಂಪನಿ ಎಂಬ ದೊಡ್ಡ ನಗಾರಿ ಒಂದೇ ಡಿ ಸ್ವರವನ್ನು 36 ಬಾರ್ ಬಿಡದೆ ಹಿಡಿದಿರುತ್ತವೆ. ಹಾಡುವ ಮಾತು: ಸಜ್ಜನರ ಆತ್ಮಗಳು ದೇವರ ಕೈಯಲ್ಲಿವೆ. ಕೈ ಎಂದರೆ ಆ ಡಿ. ಶ್ರುತಿಪೆಟ್ಟಿಗೆಯ ಮುಂದೆ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಿಲ್ಲ.

ಇದಕ್ಕೂ ಒಂದು ದುರಂತ ಕಥೆಯಿದೆ. 1867ರ ಡಿಸೆಂಬರ್ 1ರಂದು ವಿಯೆನ್ನಾದಲ್ಲಿ ಮೊದಲ ಮೂರು ಭಾಗಗಳನ್ನು ಮಾತ್ರ ಹಾಡಿಸಿದರು. ಟಿಂಪನಿಯವರು ಸೂಚನೆ ತಪ್ಪಾಗಿ ಓದಿಕೊಂಡು ಆ ಡಿ ಸ್ವರವನ್ನು ಕೊನೆಯ ತನಕ ಜೋರಾಗಿ ಬಾರಿಸಿಬಿಟ್ಟರು. ಹಾಡಿದವರ ದನಿ ಮುಳುಗಿತು, ಸಭಿಕರು ಕೂಗಿ ಪ್ರತಿಭಟಿಸಿದರು. ಶ್ರುತಿ ಹಾಡನ್ನು ನುಂಗಿದ ಏಕೈಕ ಕಛೇರಿ ಇರಬಹುದು.

ತಂಬೂರಿಯವರೇ, ಮನೋಧರ್ಮದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಇಲ್ಲಿ ಅದು ಇಲ್ಲ. ಒಮ್ಮೊಮ್ಮೆ ಕೊರತೆ ಎನಿಸುತ್ತದೆ. ಆ 36 ಬಾರ್‌ಗಳಲ್ಲಿ ಮಾತ್ರ ಎನಿಸುವುದಿಲ್ಲ.

ಬಲ್ಮಠದ ಟೆನರ್ (ಬುಧವಾರ, ಬೆಳಿಗ್ಗೆ 8.15)

ಅನುಭವದಿಂದ ಒಂದು ಎಚ್ಚರಿಕೆ. ಬ್ರಾಮ್ಸ್‌ಗೆ ಸಾಮಾನ್ಯವಾಗಿ ವಿರಾಮವಿರುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಸಭಾಂಗಣಕ್ಕೆ ರೈಲು ತಡವಾಗಿ ಹನ್ನೊಂದು ನಿಮಿಷ ಮೀರಿ ತಲುಪಿದೆವು. ಬಾಗಿಲು ತೆರೆಯಲಿಲ್ಲ. ಹೊರಗಿನ ಟಿವಿಯಲ್ಲಿ ಅರ್ಧ ನೋಡಿ, ಕಾಫಿ ಕುಡಿದು ಮನೆಗೆ ಬಂದೆವು. ಭಾಗಗಳ ನಡುವೆ ಚಪ್ಪಾಳೆ ತಟ್ಟುವುದೂ ಇಲ್ಲ. ಅಮ್ಮನವರಿಗೆ "ಭಲೇ" ಎನ್ನುವ ಅಭ್ಯಾಸವಿದ್ದರೆ ಮೊದಲೇ ಹೇಳಿಡಿ.

ಹಾಸನದ ಮಗಳು (ಬುಧವಾರ, ರಾತ್ರಿ 8.30)

ಎಲ್ಲರಿಗೂ ಧನ್ಯವಾದ. ಇವತ್ತು ಫೋನಿನಲ್ಲಿ ಅಮ್ಮನಿಗೆ ಆ ಮೂರನೆಯ ಭಾಗದ ಕೊನೆಯನ್ನು ಕೇಳಿಸಿದೆ. ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು: "ಅಷ್ಟು ಜನ ಒಂದು ಗಂಟೆ ಹಾಡಿದರೆ ನೀರು ಯಾರು ಕೊಡುತ್ತಾರೆ?"

"ಭಲೇ" ಅಭ್ಯಾಸ ಇದೆ. ತೊಡೆ ತಟ್ಟಿ ತಾಳ ಹಾಕುವ ಅಭ್ಯಾಸವೂ ಇದೆ.

ಒಂಟಿಕೊಪ್ಪಲಿನ ಆಲ್ಟೊ (ಬುಧವಾರ, ರಾತ್ರಿ 9.10)

ಯಾರೂ ಕೊಡುವುದಿಲ್ಲ ಎಂದು ಹೇಳು. ಕುರ್ಚಿಯ ಕೆಳಗೆ ಬಾಟಲಿ ಇರುತ್ತದೆ, ನಿರ್ವಾಹಕರ ಕಣ್ಣು ತಪ್ಪಿಸಿ ಒಂದು ಗುಟುಕು. ನಾನು ಒಂದು ಲವಂಗ ಬಾಯಲ್ಲಿಟ್ಟುಕೊಂಡಿರುತ್ತೇನೆ. ತಾಳ ಹಾಕಲಿ, ಸದ್ದಾಗದಿದ್ದರೆ ಸಾಕು. ಎರಡನೆಯ ಭಾಗ ಮಾತ್ರ ಗೊಂದಲ ಮಾಡಬಹುದು. ನಡಿಗೆ ಶವಯಾತ್ರೆಯದು, ಎಣಿಕೆ ಮೂರರದು.

ತೆಂಗಿನಕಾಯಿ ಮಂಡಿ (ಬುಧವಾರ, ರಾತ್ರಿ 9.30)

ಹತ್ತು ಜನ ಸೇರಿದರೆ ಗುಂಪು ರಿಯಾಯಿತಿ ಉಂಟೇ?

ಅರಮನೆ ಬ್ಯಾಂಡು (ಬುಧವಾರ, ರಾತ್ರಿ 9.42)

ಮಾರ್ಚ್ ಕಛೇರಿ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಾದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆಯ ಬಳಿ ಸೇರೋಣ. ಅಲ್ಲಿಂದ ಥೇಮ್ಸ್ ದಡದಲ್ಲೇ ನಡೆದರೆ ಅರ್ಧ ಗಂಟೆ. ಅಮ್ಮನವರಿಗೆ ಟ್ಯಾಕ್ಸಿ.

ಒಂಟಿಕೊಪ್ಪಲಿನ ಆಲ್ಟೊ (ಬುಧವಾರ, ರಾತ್ರಿ 10.05)

ಅಲ್ಲೇ. ನಾನು ಮಧ್ಯಾಹ್ನವೇ ತಾಲೀಮಿಗೆ ಒಳಗೆ ಹೋಗಿರುತ್ತೇನೆ, ನಡಿಗೆಗೆ ಸಿಗುವುದಿಲ್ಲ. ಎಡಗಡೆಯಿಂದ ಮೂರನೆಯ ಸಾಲು, ನರ್ಸ್ ಮತ್ತು ಮೇಷ್ಟರ ನಡುವೆ ನೋಡಿ. ಗುಂಪು ರಿಯಾಯಿತಿ ವಿಚಾರಿಸುತ್ತೇನೆ. ಎಷ್ಟು ಟಿಕೆಟ್ ಎಂದು ಕೆಳಗೆ ಬರೆಯಿರಿ.

ಹಾಸನದ ಮಗಳು (ಬುಧವಾರ, ರಾತ್ರಿ 10.07)

ಮೂರು. ಒಂದು ಹಾದಿಯ ಅಂಚಿನ ಕುರ್ಚಿ, ಕಾಲು ಚಾಚಲು.

ತೆಂಗಿನಕಾಯಿ ಮಂಡಿ (ಬುಧವಾರ, ರಾತ್ರಿ 10.15)

ರಿಯಾಯಿತಿ ಇದ್ದರೆ ನಾಲ್ಕು, ಇಲ್ಲದಿದ್ದರೆ ಎರಡು.

ತಂಬೂರಿ (ಬುಧವಾರ, ರಾತ್ರಿ 11.58)

ಒಂದು. ಆ 36 ಬಾರ್‌ಗಳನ್ನು ಎಣಿಸಲು ಬರುತ್ತಿದ್ದೇನೆ.